ಕೋವಿಗೆ ತಕ್ಕ ಗುಂಡು

ಮಿನೆಸೋಟಾದಲ್ಲಿ ಆನ್‌ಸೈಟ್ ಇದ್ದಾಗ ನಮ್ಮ ಟೀಮಿನಲ್ಲಿ ಒಬ್ಬ ಅಜ್ಜ ಇದ್ದ. ವಯಸ್ಸು 64. ನಾವು ನಾಲ್ಕು ಜನ ಇಂಡಿಯಾದವರು ಅವನಿಗೆ ಕೋಬಾಲ್ ಅಜ್ಜ ಅಂತಲೇ ಹೆಸರಿಟ್ಟಿದ್ದೆವು. ಕ್ಲೈಂಟಿನ ಹಳೇ ಮೇನ್‌ಫ್ರೇಮ್ ಪ್ರೋಗ್ರಾಂಗಳಲ್ಲಿ ಅರ್ಧ ಅವನೇ ಬರೆದದ್ದು, ಇನ್ನರ್ಧ ಅವನ ಗುರುಗಳು ಬರೆದದ್ದು. ನಮ್ಮ ಕೆಲಸ ಏನಪ್ಪಾ ಅಂದರೆ ಅದನ್ನೆಲ್ಲ ಜಾವಾಕ್ಕೆ ತಂದು ಅಜ್ಜನನ್ನು ಮನೆಗೆ ಕಳಿಸುವುದು. ಆ ವಿಷಯ ಅವನಿಗೂ ಗೊತ್ತಿತ್ತು. ಆದರೂ ನಮ್ಮ ಮೇಲೆ ಸಿಟ್ಟು ಮಾಡಿಕೊಂಡವನಲ್ಲ. ಡಾಕ್ಯುಮೆಂಟ್ ನೋಡಿ ಕೋಡ್ ಬರೆಯೋಕೆ ಹೋದರೆ ಮಾತ್ರ ಬಯ್ಯುತ್ತಿದ್ದ. 'ಕಾಗದದಲ್ಲಿ ಏನಿದೆ ಅಂತ ನನಗೆ ಬೇಡ, ಒಳಗೆ ಏನು ನಡೀತಿದೆ ಅಂತ ನೋಡಿಕೊಂಡು ಬಾ' ಅನ್ನೋನು.

2014ರ ಸೆಪ್ಟೆಂಬರಿನ ಒಂದು ಶುಕ್ರವಾರ ಊಟದ ಹೊತ್ತಿಗೆ ಬಂದು, 'ನಿನಗಿಂತ ಸುಮಾರು ನೂರು ವರ್ಷ ದೊಡ್ಡದಾದ ಒಂದು ಲೆಗಸಿ ಸಿಸ್ಟಮ್ ನನ್ನ ಮನೇಲಿದೆ. ನೋಡೋಕೆ ಬರ್ತೀಯಾ?' ಅಂದ. ನಾನು ಯಾವುದೋ ಹಳೇ ಪಿಯಾನೋ ಇರಬೇಕು ಅಂದುಕೊಂಡೆ. ಶನಿವಾರ ಹೋಗಿ ನೋಡಿದರೆ ಗ್ಯಾರೇಜಿನ ಮೇಜಿನ ಮೇಲೆ ಒಂದು ಉದ್ದನೆಯ ರೈಫಲ್ ಮಲಗಿತ್ತು.

ಹೆಸರು ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್, 1884ರ ಮಾಡೆಲ್. ಅಮೆರಿಕದ ಸೈನ್ಯ ಬಳಸುತ್ತಿದ್ದ ಒಂಟಿ ಈಡಿನ ರೈಫಲ್ ಅದು. ಹಿಂಭಾಗದಲ್ಲಿ ಪೆಟ್ಟಿಗೆಯ ಮುಚ್ಚಳದ ಹಾಗೆ ಮೇಲಕ್ಕೆ ತೆರೆಯುವ ಒಂದು ಬಾಗಿಲಿದೆ. ಬಾಗಿಲು ಎತ್ತಿ ಒಂದು ತೋಟಾ ಇಡಬೇಕು, ಮುಚ್ಚಬೇಕು, ಹೊಡೆಯಬೇಕು, ಮತ್ತೆ ತೆರೆದು ಖಾಲಿ ತೋಟಾ ತೆಗೆಯಬೇಕು. ಇದರ ಹುಟ್ಟಿನ ಕಥೆ ಕೇಳಿ ನನಗೆ ನಗು ಬಂತು. 1865ರಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿದಾಗ ಬಾಯಿಯಿಂದ ಮದ್ದು ತುಂಬುವ ಹಳೇ ಕೋವಿಗಳು ಲಕ್ಷಗಟ್ಟಲೆ ಉಳಿದಿದ್ದವು. ಎಸೆಯೋಕೆ ಮನಸ್ಸಿಲ್ಲ, ಹೊಸದಕ್ಕೆ ದುಡ್ಡಿಲ್ಲ. ಆಗ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ಅರ್ಸ್ಕಿನ್ ಆಲಿನ್ ಅನ್ನುವವನು ನಳಿಗೆಯ ಹಿಂಭಾಗ ಕೊರೆದು ಈ ಬಾಗಿಲು ಕೂರಿಸಿದ. ಅಂದರೆ ಪ್ಯಾಚ್! ನಾವು ಇವತ್ತಿಗೂ ಮಾಡೋದು ಅದನ್ನೇ ತಾನೆ? ಆಮೇಲೆ 1868ರಿಂದ ನಳಿಗೆಯನ್ನೂ ಹೊಸದಾಗಿ ಮಾಡಿದರು, ಆದರೆ ಆ ಬಾಗಿಲು ಹಾಗೇ ಉಳಿಯಿತು.

ಅಜ್ಜನ ಸಮಸ್ಯೆ ಇಷ್ಟೇ. ರೈಫಲ್ ಅವನ ಮಾವನಿಂದ ಬಂದದ್ದು, ವರ್ಷಗಟ್ಟಲೆ ಗೋಡೆ ಮೇಲೆ ತೂಗಿದ್ದು. ಸಾಯೋದರೊಳಗೆ ಒಂದು ಸಲ ನೆಟ್ಟಗೆ ಗುರಿಗೆ ಹೊಡೆಯಬೇಕು ಅಂತ ಆಸೆ. ಅದಕ್ಕೆ ಯಾವ ಗುಂಡು ಸರಿ ಅಂತ ಗೊತ್ತಾಗಬೇಕು. 'ನೀನು ಲೆಕ್ಕ ಬರಕೋ, ನಾನು ಅಳೀತೀನಿ' ಅಂದ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಅಮೆರಿಕ ಅಂದರೆ ಎಲ್ಲರ ಕೈಲೂ ಬಂದೂಕು ಅಂತ ನಮ್ಮ ಕಲ್ಪನೆ. ಆದರೆ ನಮ್ಮಂಥ ವೀಸಾದವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ನಾನು ಎರಡು ತಿಂಗಳೂ ಮುಟ್ಟಲಿಲ್ಲ, ನೋಡಿದೆ ಅಷ್ಟೇ. ಲ್ಯಾಪ್‌ಟಾಪ್ ಇಟ್ಟುಕೊಂಡು ಎಕ್ಸೆಲ್ ತುಂಬಿಸಿದೆ.

ಮುಟ್ಟದೇ ಇರೋಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಆಗ ಅವನಿಗೆ ಹೇಳಿರಲಿಲ್ಲ. ಮೊದಲು ಆ ಕಾರಣ ಹೇಳಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಒಂಟಿ ನಳಿಗೆ, ಬೆಳೆ ರಕ್ಷಣೆಯ ಲೈಸೆನ್ಸು, ಅಜ್ಜಯ್ಯನ ಹೆಸರಿನಲ್ಲಿ. ಎಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ಬರುವುದು, ಎಲೆಕ್ಷನ್ ಮುಗಿದ ಮೇಲೆ ತರುವುದು. ಬಾಯಿಯಿಂದ ಮದ್ದು ಹಾಕಿ, ಮೇಲೆ ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿದು, ಗುಂಡು ಇಳಿಸಿ, ಮತ್ತೆ ನಾರು ಜಡಿಯಬೇಕು. ಕೊನೆಗೆ ಹಿಂದೆ ಮೊಲೆಯ ಮೇಲೆ ಕೇಪು ಕೂರಿಸಬೇಕು. ಅದೂ ಒಂಟಿ ಈಡಿನದೇ. ಒಂದು ತಪ್ಪಿದರೆ ಇನ್ನೊಂದು ತುಂಬೋಷ್ಟರಲ್ಲಿ ಹಂದಿ ಮೂರು ಗದ್ದೆ ದಾಟಿರುತ್ತಿತ್ತು.

ಗುಂಡುಗಳನ್ನು ಅಜ್ಜಯ್ಯನೇ ಎರೆಯುತ್ತಿದ್ದರು. ಹರಿದ ಬೀಸುಬಲೆಯ ಸೀಸದ ಮಣಿಗಳನ್ನು ಬಿಚ್ಚಿ, ಹಳೇ ಸೌಟಿನಲ್ಲಿ ಕರಗಿಸಿ, ಇಕ್ಕಳದಂಥ ಅಚ್ಚಿಗೆ ಹೊಯ್ಯುವುದು. ತಣಿದ ಮೇಲೆ ಒಂದೊಂದಕ್ಕೂ ಹೆಬ್ಬೆರಳಿನ ಉಗುರು ಒತ್ತಿ ಗೀರಿ ನೋಡುತ್ತಿದ್ದರು. ಗೀರು ಬಿದ್ದರೆ ಚೀಲಕ್ಕೆ, ಬೀಳದಿದ್ದರೆ ಮತ್ತೆ ಸೌಟಿಗೆ. ಯಾಕಜ್ಜಯ್ಯ ಅಂತ ಕೇಳಿದರೆ, 'ಗುಂಡು ಕೋವಿಗಿಂತ ಮೆತ್ತಗಿರ್ಬೇಕು. ಇಬ್ರಲ್ಲಿ ಒಬ್ರಾದ್ರೂ ಸೋಲ್ಬೇಕಲ್ಲ' ಅನ್ನೋರು. ಚರ್ಮದ ಚೀಲದಲ್ಲಿ ಯಾವಾಗಲೂ ಒಂಬತ್ತು ಗುಂಡು. ಖರ್ಚಾದಷ್ಟು ಎರೆದು ಮತ್ತೆ ಒಂಬತ್ತು ಮಾಡಿಡುತ್ತಿದ್ದರು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಎಣಿಸುತ್ತಿದ್ದರು. ಬಗನಿ ಮರದ ಗಜದ ಕೋಲಿನಲ್ಲಿ ಚಾಕುವಿನಿಂದ ಕೆತ್ತಿದ ಒಂದು ಗೆರೆ ಇತ್ತು. ಅದು ಯಾಕೆ ಅಂತ ನಾನು ಕೇಳಿರಲಿಲ್ಲ.

1995, ನಾನು ಒಂಬತ್ತನೇ ಕ್ಲಾಸು. ಹೊಳೆಯಲ್ಲಿ ಗಾಳ ಹಾಕುವ ಹುಚ್ಚು. ದಾರಕ್ಕೆ ಕಟ್ಟೋಕೆ ಒಂದು ಭಾರ ಬೇಕಿತ್ತು. ಅಜ್ಜಯ್ಯನ ಚೀಲದಿಂದ ಒಂದು ಸೀಸದ ಗುಂಡು ಕದ್ದೆ. ಎಣಿಸಿದರೆ ಎಂಟಾಗುತ್ತಲ್ಲ, ಅದಕ್ಕೆ ನನ್ನ ಕಬ್ಬಿಣದ ಗೋಲಿಯನ್ನು ಒಳಗೆ ಹಾಕಿದೆ. ಅದು ಪೇಟೆಯ ಗ್ಯಾರೇಜಿನಲ್ಲಿ ಸಿಕ್ಕಿದ್ದು, ಹಾಳಾದ ಲಾರಿಯ ಗೇರ್‌ಬಾಕ್ಸ್ ಬೇರಿಂಗಿನದು. ಗೋಲಿಯಾಟದಲ್ಲಿ ಎದುರಾಳಿಗಳ ಗಾಜಿನ ಗೋಲಿಗಳನ್ನು ಚೂರು ಮಾಡುತ್ತಿದ್ದ ಗೋಲಿ. ನಾನೇನು ಪೂರ್ತಿ ದಡ್ಡನಲ್ಲ. ಯಾರೂ ಇಲ್ಲದಾಗ ಕೋವಿಯ ಬಾಯಿಗೆ ಇಟ್ಟು ನೋಡಿದ್ದೆ. ಸರಿಯಾಗಿ ಕೂತಿತ್ತು. ಹಾಗಾದರೆ ತೊಂದರೆ ಇಲ್ಲ, ಸೀಸಕ್ಕಿಂತ ಇದೇ ಗಟ್ಟಿ, ಹಂದಿಗೆ ಇನ್ನೂ ಜೋರಾಗಿ ತಾಗುತ್ತೆ ಅಂದುಕೊಂಡೆ. ನಾಲ್ಕು ದಿನ ಎಣಿಕೆ ಒಂಬತ್ತೇ ಬಂತು.

ಐದನೇ ರಾತ್ರಿ ಚಿಕ್ಕಪ್ಪ ಮಾಳ ಕಾಯೋಕೆ ಹೋಗಿದ್ದರು. ಭತ್ತ ಹಾಲು ತುಂಬಿ ಬಾಗಿದ್ದ ಕಾಲ. ನಡುರಾತ್ರಿ ಒಂದು ಈಡಿನ ಸದ್ದು ಕೇಳಿತು. ಎಂದಿನ ಸದ್ದಲ್ಲ, ತಗಡು ಹರಿದ ಹಾಗೆ. ಆಮೇಲೆ ಚಿಕ್ಕಪ್ಪನ ಕೂಗು. ಅಪ್ಪ ಟಾರ್ಚು ಹಿಡಿದು ಓಡಿದರು. ನಳಿಗೆಯ ನಡುವೆ, ಎಡಗೈ ಹಿಡಿಯುವ ಜಾಗದಲ್ಲೇ, ಹಾವು ಇಲಿ ನುಂಗಿದ ಹಾಗೆ ಉಬ್ಬಿ ಸೀಳಿಹೋಗಿತ್ತು. ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಒಯ್ದರು. ಎಡಗೈಯ ತೋರುಬೆರಳು, ನಡುಬೆರಳು ಎರಡೂ ಹೋದವು. ನಮ್ಮ ಸುತ್ತಿನ ನಾಲ್ಕು ಮನೆಗಳಲ್ಲಿ ಚಿಕ್ಕಪ್ಪನಷ್ಟು ಚುರುಕಾಗಿ ಅಡಿಕೆ ಸುಲಿಯೋರು ಇರಲಿಲ್ಲ. ಆಮೇಲೆ ಮೆಟ್ಟುಗತ್ತಿಯ ಮುಂದೆ ಅವರು ಕೂತಿದ್ದು ನಾನು ನೋಡಿಲ್ಲ.

ಅಜ್ಜಯ್ಯ ಆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬಂದರು. ಲೈಸೆನ್ಸು ಮತ್ತೆ ಮಾಡಿಸಲಿಲ್ಲ. 'ನಳಿಗೆ ಹಳೇದಾಗಿತ್ತು, ನಂದೇ ತಪ್ಪು' ಅನ್ನುತ್ತಲೇ 2003ರಲ್ಲಿ ಹೋಗಿಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಬಿಇ ಓದಿದೆ, ಬೆಂಗಳೂರಿಗೆ ಬಂದೆ, ಕೆಲಸ ಸಿಕ್ಕಿತು, ಮದುವೆಯಾಯಿತು. ಊರಿಗೆ ಹೋದಾಗೆಲ್ಲ ಚಿಕ್ಕಪ್ಪ ಎಡಗೈಯ ಮೂರು ಬೆರಳಲ್ಲಿ ಲೋಟ ಹಿಡಿದು ಕಾಫಿ ಕುಡಿಯೋದನ್ನು ನೋಡುತ್ತಿದ್ದೆ. ನೋಡದ ಹಾಗೆ ಮಾಡುತ್ತಿದ್ದೆ.

ಇದಿಷ್ಟು ಹೊತ್ತುಕೊಂಡು ನಾನು ಕೋಬಾಲ್ ಅಜ್ಜನ ಗ್ಯಾರೇಜಿನಲ್ಲಿ ಕೂತಿದ್ದೆ.

ಅವನ ರೈಫಲಿನ ತೋಟಾಕ್ಕೆ 45-70 ಅಂತ ಹೆಸರು. 45 ಅಂದರೆ ಇಂಚಿನ ನೂರರಲ್ಲಿ 45 ಭಾಗ, ನಳಿಗೆಯ ಅಳತೆ. 70 ಅಂದರೆ 70 ಗ್ರೇನ್ ಕರಿಮದ್ದು. ಒಂದು ಪೌಂಡಿಗೆ 7000 ಗ್ರೇನ್, ಹಾಗಾಗಿ 70 ಗ್ರೇನ್ ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಸೈನ್ಯದ ಮೊದಲಿನ ಗುಂಡಿನ ತೂಕ 405 ಗ್ರೇನ್, ಅಂದರೆ 26 ಗ್ರಾಂ ಚಿಲ್ಲರೆ. ಆಮೇಲೆ 500 ಗ್ರೇನಿನದೂ ಬಂತು. ಈ ತೋಟಾ ಹುಟ್ಟಿ 140 ವರ್ಷ ದಾಟಿದ್ದರೂ ಅಂಗಡಿಯಲ್ಲಿ ಇವತ್ತಿಗೂ ಸಿಗುತ್ತೆ. ಹಾಗಾದರೆ ಸಮಸ್ಯೆ ಎಲ್ಲಿ, ತಂದು ಹಾಕಿದರೆ ಆಯಿತಲ್ಲ ಅಂದೆ.

ಅಜ್ಜ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟ. ಅದರಲ್ಲಿ 45-70ಕ್ಕೆ ಒಂದಲ್ಲ, ಮೂರು ಪಟ್ಟಿ ಇದ್ದವು. ಮೊದಲನೆಯದು ಟ್ರ್ಯಾಪ್‌ಡೋರಿನಂಥ ಮುದಿ ರೈಫಲ್‌ಗಳಿಗೆ. ಎರಡನೆಯದು ಆಮೇಲೆ ಬಂದ ಗಟ್ಟಿ ಲಿವರ್ ರೈಫಲ್‌ಗಳಿಗೆ. ಮೂರನೆಯದು ಇವತ್ತಿನ ಉಕ್ಕಿನ ಒಂಟಿ ಈಡಿನ ರೈಫಲ್‌ಗಳಿಗೆ. ತೋಟಾದ ಹೆಸರು ಒಂದೇ, ಉದ್ದ ಒಂದೇ, ಮೂರೂ ಬಂದೂಕಿನ ಒಳಗೆ ಸಲೀಸಾಗಿ ಕೂರುತ್ತೆ. ಆದರೆ ಒಳಗೆ ಹುಟ್ಟುವ ಒತ್ತಡ ಬೇರೆ ಬೇರೆ. ಮೂರನೇ ಪಟ್ಟಿಯ ತೋಟಾವನ್ನು ಇದಕ್ಕೆ ಹಾಕಿದರೆ ಆ ಬಾಗಿಲು ಹಾರಿ ಹೊಡೆಯುವವನ ಮುಖಕ್ಕೇ ಬರಬಹುದು. ಜೋರಿನ ತೋಟಾಗಳ ಡಬ್ಬಿಯ ಮೇಲೆ ಎಚ್ಚರಿಕೆಯನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಸಣ್ಣ ಅಕ್ಷರ ಯಾರು ಓದುತ್ತಾರೆ ಹೇಳಿ.

'ಕೂರುತ್ತೆ ಅನ್ನೋದು ಬೇರೆ, ಹೊಂದುತ್ತೆ ಅನ್ನೋದು ಬೇರೆ' ಅಂದ ಅಜ್ಜ. ನಾನು ಎಕ್ಸೆಲ್ ನೋಡುತ್ತಾ ಕೂತೆ. ನನ್ನ ಗೋಲಿಯೂ ಕೋವಿಯ ಬಾಯಲ್ಲಿ ಕೂತಿತ್ತು.

ಮೊದಲ ವಾರ ಅಂಗಡಿಯಲ್ಲಿ ಸಿಗುವ, ಹಳೇ ರೈಫಲ್‌ಗೆ ಅಪಾಯವಿಲ್ಲದ ಮೆತ್ತನೆ ತೋಟಾ ತಂದು ರೇಂಜಿನಲ್ಲಿ ಹೊಡೆದ. 100 ಗಜ ದೂರದ ಕಾಗದ. ಐದು ಈಡಿನಲ್ಲಿ ಎರಡು ಕಾಗದಕ್ಕೇ ತಾಗಲಿಲ್ಲ. ತಾಗಿದ ಮೂರರಲ್ಲಿ ಎರಡು ತೂತು ದುಂಡಗಿರಲಿಲ್ಲ, ಹಳೇ ಬೀಗದ ಕಿಂಡಿಯ ಹಾಗೆ ಉದ್ದಕ್ಕಿದ್ದವು. ಗುಂಡು ಮೂತಿ ಮುಂದೆ ಮಾಡಿ ಹೋಗಬೇಕಾದ್ದು ಅಡ್ಡಡ್ಡ ಉರುಳಿಕೊಂಡು ಹೋಗಿತ್ತು.

ಯಾಕೆ ಹೀಗೆ ಅಂತ ಅವನು ನನಗೆ ಹೇಳಿದ್ದನ್ನು ನಿಮಗೂ ಹೇಳ್ತೀನಿ. ನಮ್ಮ ಮನೆಯ ಕೇಪಿನ ಕೋವಿಯ ನಳಿಗೆ ಒಳಗೆ ಪೈಪಿನ ಹಾಗೆ ನುಣುಪು. ರೈಫಲಿನ ನಳಿಗೆಯಲ್ಲಿ ಸುರುಳಿಯಾಗಿ ತೋಡುಗಳಿರುತ್ತವೆ. ಟ್ರ್ಯಾಪ್‌ಡೋರಿನಲ್ಲಿ ಮೂರು ತೋಡು, 22 ಇಂಚಿಗೆ ಒಂದು ಸುತ್ತು. ಗುಂಡು ಆ ತೋಡುಗಳನ್ನು ಕಚ್ಚಿ ಹಿಡಿದರೆ ಬುಗುರಿಯ ಹಾಗೆ ತಿರುಗುತ್ತಾ ನೆಟ್ಟಗೆ ಹೋಗುತ್ತೆ. ಗುಂಡು ಸಣ್ಣದಾದರೆ ತೋಡು ಹಿಡಿಯಲ್ಲ, ಬಿಸಿ ಗ್ಯಾಸು ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತೆ. ತಿರುಗದ ಬುಗುರಿ ಏನಾಗುತ್ತೆ ಅಂತ ನಮಗೆ ಗೊತ್ತೇ ಇದೆ.

ಹಾಗಾದರೆ ನಳಿಗೆ ನಿಜವಾಗಿ ಎಷ್ಟು ಅಗಲ? ಪುಸ್ತಕದ ಪ್ರಕಾರ ತೋಡಿನ ಅಳತೆ 0.458 ಇಂಚು. ಅಂಗಡಿಯ ಗುಂಡೂ ಅಷ್ಟೇ. ಅಜ್ಜ ಪುಸ್ತಕ ನಂಬುವವನಲ್ಲವಲ್ಲ. ಒಂದು ಮೆತ್ತನೆ ಸೀಸದ ಉಂಡೆಗೆ ಎಣ್ಣೆ ಸವರಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೋಲಿನಲ್ಲಿ ನಿಧಾನವಾಗಿ ತಳ್ಳಿದ. ತಳ್ಳುವಾಗ ಕಣ್ಣು ಮುಚ್ಚಿಕೊಂಡಿದ್ದ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಿ ತುಕ್ಕು ತಿಂದು ಗುಳಿ ಬಿದ್ದಿದೆ ಅಂತ ಅಂಗೈಗೆ ಗೊತ್ತಾಗುತ್ತಂತೆ. 'ಬಾಯಿ ಮಾತ್ರ ಅಳೆದರೆ ಏನೂ ಅಳೆದ ಹಾಗಾಗಲಿಲ್ಲ. ಬಾಯಿ ಎಲ್ಲರದ್ದೂ ಚೆನ್ನಾಗೇ ಇರುತ್ತೆ' ಅಂದ.

ಹೊರಗೆ ಬಂದ ಸೀಸದ ಮೇಲೆ ತೋಡಿನ ಗುರುತು ಬಿದ್ದಿರುತ್ತೆ, ಅದನ್ನು ಅಳೆಯಬೇಕು. ಅಲ್ಲೂ ಒಂದು ತರಲೆ. ತೋಡು ಮೂರು ಇರುವುದರಿಂದ ಒಂದರ ಎದುರಿಗೆ ಇನ್ನೊಂದು ಬರುವುದಿಲ್ಲ. ಸಾಮಾನ್ಯ ಮೈಕ್ರೋಮೀಟರ್ ಇಟ್ಟರೆ ಅಳತೆ ಯಾವಾಗಲೂ ಕಡಿಮೆ ತೋರಿಸುತ್ತೆ. ಅಜ್ಜ ತೆಳು ತಗಡಿನ ಒಂದು ಪಟ್ಟಿಯನ್ನು ಸೀಸದ ಸುತ್ತ ಬಿಗಿಯಾಗಿ ಸುತ್ತಿ, ಅದರ ಮೇಲೆ ಅಳೆದು, ತಗಡಿನ ದಪ್ಪವನ್ನು ಎರಡು ಸಲ ಕಳೆದ. ಮೂರು ಸಲ ಮಾಡಿಸಿದ. ಮೂರು ಸಲವೂ 0.461.

ಪುಸ್ತಕಕ್ಕೂ ನಿಜಕ್ಕೂ ಸಾವಿರದಲ್ಲಿ ಮೂರು ಭಾಗ ಇಂಚಿನ ವ್ಯತ್ಯಾಸ. ಮಿಲಿಮೀಟರಿನಲ್ಲಿ 0.08ಕ್ಕೂ ಕಡಿಮೆ, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಅಷ್ಟು ಸಾಕಿತ್ತು ಗುಂಡು ಅಡ್ಡ ತಿರುಗೋಕೆ.

ತೋಡಿಗಿಂತ ಒಂದು ಕೂದಲು ದೊಡ್ಡದಾದ, 0.462ರ ಗುಂಡು ಬೇಕು ಅಂತ ತೀರ್ಮಾನವಾಯಿತು. ಅದೂ ತಾಮ್ರದ ಕವಚದ್ದಲ್ಲ, ಬರೀ ಸೀಸದ್ದು. ಕರಿಮದ್ದಿನ ಏಟಿಗೆ ಮೆತ್ತನೆ ಸೀಸದ ಬುಡ ಒತ್ತಿಕೊಂಡು ಉಬ್ಬಿ ತೋಡನ್ನು ತುಂಬಿಕೊಳ್ಳುತ್ತೆ, ಗಟ್ಟಿ ಲೋಹ ಹಾಗೆ ಬಗ್ಗುವುದಿಲ್ಲ. ಪೂರಾ ಮೆತ್ತಗಾದರೂ ಕಷ್ಟ, ಅದಕ್ಕೆ 20 ಪಾಲು ಸೀಸಕ್ಕೆ ಒಂದು ಪಾಲು ತವರ. ತೂಕ 405 ಗ್ರೇನ್. ಗುಂಡಿನ ಸುತ್ತ ಇರುವ ಗೀರುಗಳಲ್ಲಿ ಜೇನುಮೇಣ ಸೇರಿಸಿದ ಕೊಬ್ಬು ತುಂಬಿರಬೇಕು, ಇಲ್ಲದಿದ್ದರೆ ಕರಿಮದ್ದಿನ ಮಸಿ ನಳಿಗೆಯಲ್ಲಿ ಕಲ್ಲಾಗಿ ಕೂರುತ್ತೆ. ಕೊಬ್ಬು ಅಂದ ತಕ್ಷಣ ಅಜ್ಜ ನನ್ನ ಮುಖ ನೋಡಿ, 'ನಿಮ್ಮಲ್ಲಿ 1857ರಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆ ಆಗಿತ್ತಲ್ಲ' ಅಂದ. ಹೌದು, ನಾವು ಸ್ಕೂಲಲ್ಲಿ ಓದಿದ್ದು ಅದೇ ಕಥೆ. ನನಗೆ ಗೊತ್ತಿಲ್ಲದ ಇನ್ನೊಂದನ್ನೂ ಹೇಳಿದ. 1907ರ ಸುಮಾರಿಗೆ ಬ್ರಿಟಿಷರು ಇಂಡಿಯಾಕ್ಕೆ 450 ಬೋರಿನ ಶಿಕಾರಿ ರೈಫಲ್, ತೋಟಾ ತರೋದನ್ನೇ ನಿಷೇಧಿಸಿದ್ದರಂತೆ. ಅವರದೇ ಹಳೇ ಮಾರ್ಟಿನಿ-ಹೆನ್ರಿ ಒಂಟಿ ಈಡಿನ ರೈಫಲ್‌ಗಳು ಸಿಕ್ಕಸಿಕ್ಕವರ ಕೈ ಸೇರಿದ್ದವು, ಆ ತೋಟಾಗಳ ಗುಂಡು ಕಿತ್ತು ಇದಕ್ಕೆ ಹಾಕಿಕೊಂಡಾರು ಅನ್ನೋ ಭಯ. ಅದಕ್ಕೇ ಲಂಡನ್ನಿನ ಬಂದೂಕು ಕಂಪನಿಗಳು ಶಿಕಾರಿ ಸಾಹೇಬರಿಗೆ 465, 470 ಅಂತ ಹೊಸ ಅಳತೆಗಳನ್ನು ಹುಟ್ಟಿಸಿದವು. ಒಂದು ಸಾಮ್ರಾಜ್ಯವೇ ಗುಂಡಿನ ಅಳತೆಗೆ ಹೆದರಿತ್ತು ಅನ್ನಿ.

ಹೊಸ ಗುಂಡುಗಳು ಪಾರ್ಸೆಲ್ಲಿನಲ್ಲಿ ಬಂದ ದಿನ ಅಜ್ಜ ಡಬ್ಬಿ ಬಿಚ್ಚಿ, ಒಂದನ್ನು ಎತ್ತಿಕೊಂಡು, ಹೆಬ್ಬೆರಳಿನ ಉಗುರು ಒತ್ತಿ ಗೀರಿದ. ಗೀರು ಬಿತ್ತು. ತಲೆಯಾಡಿಸಿ ಡಬ್ಬಿಗೆ ಹಾಕಿದ.

ನನಗೆ ತಡೆಯೋಕೆ ಆಗಲಿಲ್ಲ. 19 ವರ್ಷ ಯಾರಿಗೂ ಹೇಳದ್ದನ್ನು, ಹೆಂಡತಿಗೂ ಹೇಳದ್ದನ್ನು, ಆ ಗ್ಯಾರೇಜಿನಲ್ಲಿ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಗೋಲಿ, ಒಂಬತ್ತರ ಎಣಿಕೆ, ತಗಡು ಹರಿದಂಥ ಸದ್ದು. ಉಕ್ಕಿನ ಗುಂಡು ಗಟ್ಟಿ ಇದ್ದದ್ದಕ್ಕೆ ನಳಿಗೆ ಒಡೆಯಿತು, ಅಲ್ಲವಾ ಅಂತ ಕೇಳಿದೆ.

ಅಜ್ಜ ಸಮಾಧಾನ ಹೇಳಲಿಲ್ಲ. ನಮ್ಮ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಕೇಳುವ ಹಾಗೆ ಪ್ರಶ್ನೆ ಕೇಳಿದ. ನಳಿಗೆ ಎಲ್ಲಿ ಉಬ್ಬಿತ್ತು, ಬುಡದಲ್ಲಾ ನಡುವೆಯಾ? ನಡುವೆ. ಉಂಗುರದ ಹಾಗಾ? ಹೌದು. ಗುಂಡು ತುಂಬುವ ಕೋಲಿನ ಮೇಲೆ ಗುರುತೇನಾದರೂ ಇತ್ತಾ? ಇತ್ತು ಅಂದೆ, ಒಂದು ಗೆರೆ.

'ಆ ಗೆರೆ ನಳಿಗೆಯ ಬಾಯಿಗೆ ಬರಬೇಕು' ಅಂದ. 'ಬಂದರೆ ಗುಂಡು ಮದ್ದಿನ ಮೇಲೆ ಕೂತಿದೆ ಅಂತ ಅರ್ಥ. ನಿನ್ನ ಉಕ್ಕಿನ ಗೋಲಿ ಬಾಯಲ್ಲಿ ಇಳಿದಿದೆ, ಒಳಗೆ ಮಸಿಯೋ ತುಕ್ಕೋ ಇರುವ ಕಡೆ ಸಿಕ್ಕಿಕೊಂಡಿದೆ. ಸೀಸ ಆಗಿದ್ದರೆ ಜಡಿದಾಗ ಸ್ವಲ್ಪ ಸವೆದು ಕೆಳಗೆ ಹೋಗಿರೋದು. ಉಕ್ಕು ಹೋಗಲ್ಲ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಿತು. ಮದ್ದು ಹತ್ತಿಕೊಂಡಾಗ ಗ್ಯಾಸು ಆ ಖಾಲಿ ಜಾಗದಲ್ಲಿ ಓಡಿ ಬಂದು, ನಿಂತ ಗುಂಡಿಗೆ ಗುದ್ದಿದೆ. ಗುದ್ದಿದ ಜಾಗದಲ್ಲೇ ನಳಿಗೆ ಉಬ್ಬಿದೆ. ಸೀಸದ ಗುಂಡು ಹಾಗೆ ನಡುವೆ ನಿಂತಿದ್ದರೂ ಇದೇ ಆಗಬಹುದಿತ್ತು.'

'ಹಾಗಾದರೆ ನನ್ನ ತಪ್ಪಲ್ಲ?'

'ಹಾಗೆ ನಾನು ಹೇಳಲಿಲ್ಲ. ಎರಡು ತಪ್ಪು ಸೇರಿದೆ. ಅದರಲ್ಲಿ ಒಂದು ನಿನ್ನದು. ಅವನಿಗೆ ಹೇಳಿದ್ದೀಯಾ?'

ಇಲ್ಲ ಅಂದೆ. ಅವನು ಡಬ್ಬಿ ಮುಚ್ಚಿ ಕಾಫಿ ತರೋಕೆ ಒಳಗೆ ಹೋದ.

ನವೆಂಬರಿನ ಮೊದಲ ಶನಿವಾರ, ಮೂಳೆ ಕೊರೆಯೋ ಚಳಿಯಲ್ಲಿ, ಅಜ್ಜ ಆ 0.462ರ ಗುಂಡುಗಳಿಂದ ಮಾಡಿದ ತೋಟಾಗಳನ್ನು ಹೊಡೆದ. ಪ್ರತಿ ಈಡಿಗೂ ಬಿಳೀ ಹೊಗೆ, ಪ್ರತಿ ಈಡಿನ ನಂತರ ನಳಿಗೆ ಒರೆಸುವುದು. ಐದು ಈಡಿಗೆ ಅರ್ಧ ಗಂಟೆಯ ಮೇಲಾಯಿತು. ಕಾಗದ ತಂದು ನೋಡಿದರೆ ಐದೂ ತೂತು ದುಂಡಗೆ, ಐದೂ ಒಂದು ಅಂಗೈಯಷ್ಟು ಜಾಗದಲ್ಲಿ. ಅಜ್ಜ ಕುಣಿಯಲಿಲ್ಲ, ಕೂಗಲಿಲ್ಲ. ಕಾಗದದ ಮೂಲೆಯಲ್ಲಿ ತಾರೀಕು ಬರೆದು, ಮಡಚಿ ಜೇಬಿಗಿಟ್ಟ. ಮುಂದಿನ ಮಾರ್ಚಿಗೆ ನಮ್ಮ ಪ್ರಾಜೆಕ್ಟ್ ಮುಗಿಯಿತು. ಕೋಬಾಲ್ ನಿಂತಿತು, ಅಜ್ಜ ರಿಟೈರ್ ಆದ, ನಾವು ವಾಪಸ್ ಬಂದೆವು.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಸಂಜೆ ಚಿಕ್ಕಪ್ಪ ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಕೆಳಗಿನ ಗದ್ದೆಯಲ್ಲಿ ಯಾರೋ ಹಂದಿ ಓಡಿಸೋಕೆ ಪಟಾಕಿ ಹೊಡೆಯುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ. ಎಲ್ಲಿಂದ ಶುರು ಮಾಡೋದು ತಿಳಿಯದೆ ಗಾಳದಿಂದ ಶುರು ಮಾಡಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದವರು ಸವರುತ್ತಲೇ ಇದ್ದರು.

ಮುಗಿದ ಮೇಲೆ, 'ಗೊತ್ತಿತ್ತು ಮಾರಾಯ' ಅಂದರು.

ನನಗೆ ಮಾತು ಹೊರಡಲಿಲ್ಲ.

'ಚೀಲದಿಂದ ತೆಗ್ದಾಗ್ಲೇ ಕೈಗೆ ಹಗುರ ಅನ್ಸ್ತು. ಸೀಸ ಅಷ್ಟು ಹಗುರ ಇರಲ್ಲ. ನಿನ್ನ ಗೋಲಿ ಅಂತ ಗೊತ್ತಾಯ್ತು. ಹಂದಿ ಎದುರಿಗೇ ಇತ್ತು, ಬೇರೆ ತೆಗಿಯೋಕೆ ಯಾರಿಗೆ ಪುರುಸೊತ್ತು? ಹಾಕಿ ಜಡ್ದೆ. ಗಜ ಪೂರ್ತಿ ಇಳೀಲಿಲ್ಲ. ಗೆರೆ ಇನ್ನೂ ಒಂದು ಗೇಣು ಮೇಲಿತ್ತು. ಬೆಳದಿಂಗ್ಳಲ್ಲಿ ಕಂಡಿದ್ದೆ ನಾನು. ಕಂಡೂ ಹೊಡ್ದೆ.'

'ಅಜ್ಜಯ್ಯಂಗೆ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ? ಕೊನೇ ತನಕ ತಮ್ಮದೇ ತಪ್ಪು ಅಂದ್ಕೊಂಡಿದ್ರು.'

'ಹೇಳಿದ್ರೆ ನಿನ್ನ ಕಾಲು ಮುರೀತಿದ್ರು. ಒಂದು ಮನೇಲಿ ಒಬ್ಬಂದು ಕೈ ಹೋಗಿದ್ದು ಸಾಕಿತ್ತು' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಅವ್ರಿಗೆ ಹೇಳ್ಬೇಕಿತ್ತು. ಅದೊಂದು ಉಳ್ಕೊಂಡ್ತು' ಅಂದರು. ಅವರು ಅದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ.

ಆಮೇಲೆ ಒಳಗೆ ಹೋಗಿ ಅಟ್ಟದಿಂದ ಒಂದು ಕೋಲು ತಂದರು. ಬಗನಿ ಮರದ ಗಜದ ಕೋಲು. ಕೋವಿ ಠಾಣೆಗೆ ಹೋದ ದಿನ ಇದು ಮಾಳದಲ್ಲೇ ಬಿದ್ದಿತ್ತಂತೆ. ಆಮೇಲೆ ತಂದು ಇಟ್ಟುಕೊಂಡಿದ್ದಾರೆ. ಗೆರೆ ಹಾಗೇ ಇದೆ, ಎಣ್ಣೆ ಕುಡಿದು ಕಪ್ಪಾಗಿದೆ. ನಾನು ಆ ಗೆರೆಯ ಮೇಲೆ ಉಗುರಿಟ್ಟು ನೋಡಿದೆ.

'ಅದಿರ್ಲಿ' ಅಂದರು ಚಿಕ್ಕಪ್ಪ, 'ಆ ಅಮೆರಿಕದ ಮುದುಕನ ಗುಂಡು ಕೊನೆಗೆ ಸರಿ ಹೋಯ್ತಾ?'

'ಹೋಯ್ತು. ನೂರು ಗಜಕ್ಕೆ ಐದಕ್ಕೆ ಐದೂ.'

'ಎಷ್ಟು ಅಗಲದಲ್ಲಿ ಬಿತ್ತು?'

ನಾನು ಅಂಗೈ ಚಾಚಿ ತೋರಿಸಿದೆ. ಅವರು ಅದರ ಪಕ್ಕ ತಮ್ಮ ಎಡಗೈ ಇಟ್ಟು ಅಳತೆ ನೋಡಿ, 'ಪರ್ವಾಗಿಲ್ಲ, ನಮ್ಮ ಅಪ್ಪಯ್ಯ ಇದ್ದಿದ್ರೆ ಇಷ್ಟಗಲದಲ್ಲಿ ಹೊಡೀತಿದ್ರು' ಅಂತ ಉಳಿದ ಮೂರು ಬೆರಳನ್ನು ಹತ್ತಿರ ಮಾಡಿ ತೋರಿಸಿದರು.